ಬಾಡಿಗೆ ಮನೆಯಲ್ಲಿ ಸ್ವಂತ ಪಾಲು ಎಷ್ಟಿರಬೇಕು? ಎಂಟನೇ ತರಗತಿಯ ಬಡ್ಡಿ ಪಾಠದ ಒಂದು ಅನುಭವ

ತರಗತಿ: 8
ವಿಷಯ: ಗಣಿತ (ಶೇಕಡಾ, ಸರಳಬಡ್ಡಿ, ಚಕ್ರಬಡ್ಡಿ)
ಅವಧಿ: 4, ತಲಾ 40 ನಿಮಿಷ
ವಿದ್ಯಾರ್ಥಿಗಳು: 38
ಸ್ಥಳ: ಮೈಸೂರು ನಗರದ ಒಂದು ಪ್ರೌಢಶಾಲೆ

ಬೋಧನಾಭ್ಯಾಸದ ಎರಡನೇ ವಾರದಲ್ಲಿ ನನ್ನ ಪಾಲಿಗೆ ಬಂದದ್ದು ಬಡ್ಡಿಯ ಪಾಠ. ಬಡ್ಡಿ ಲೆಕ್ಕಗಳಲ್ಲಿ ಯಾರೋ ಒಬ್ಬರು 5,000 ರೂಪಾಯಿಯನ್ನು 2 ವರ್ಷಕ್ಕೆ ಸಾಲ ಪಡೆಯುತ್ತಾರೆ. ಯಾಕೆ ಪಡೆದರು, ಆ ಹಣ ಏನಾಯಿತು ಎಂಬುದು ಮಕ್ಕಳಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಸಾಲಕ್ಕೊಂದು ಕಾರಣ ಕೊಟ್ಟರೆ ಪಾಠಕ್ಕೆ ಜೀವ ಬರಬಹುದು ಎಂದುಕೊಂಡೆ. ಮೈಸೂರಿನ ಮಕ್ಕಳ ಕಣ್ಣಿಗೆ ದಿನವೂ ಬೀಳುವ ಸಾಲವೆಂದರೆ ಮನೆ ಸಾಲ. ಕುವೆಂಪುನಗರವಾಗಲಿ, ಬೋಗಾದಿಯಾಗಲಿ, ವಿಜಯನಗರವಾಗಲಿ, ಯಾವ ಬೀದಿಗೆ ಹೋದರೂ ಕೆಳಗೆ ಓನರ್, ಮೇಲೆ ಬಾಡಿಗೆಯವರು. ಆದ್ದರಿಂದ ಈ ಪ್ರಶ್ನೆಯನ್ನೇ ಪಾಠದ ನಡುವೆ ಇಟ್ಟುಕೊಂಡೆ: ಒಬ್ಬರು ಬಾಡಿಗೆಗೆ ಕೊಡಲೆಂದು ಮನೆ ಕಟ್ಟಿಸುತ್ತಾರೆ. ಅದರಲ್ಲಿ ಸ್ವಂತ ದುಡ್ಡು ಎಷ್ಟಿರಬೇಕು, ಬ್ಯಾಂಕಿನ ಸಾಲ ಎಷ್ಟಿರಬೇಕು?

ವಾಣಿಜ್ಯದವರು ಇದನ್ನು ಈಕ್ವಿಟಿ ಎನ್ನುತ್ತಾರೆ. ನಾನು ತರಗತಿಯಲ್ಲಿ ‘ಸ್ವಂತ ಪಾಲು’ ಎಂಬ ಮಾತನ್ನು ಬಳಸಿದೆ. ಮನೆಯ ಬೆಲೆಯಿಂದ ಸಾಲ ಕಳೆದರೆ ಉಳಿಯುವುದು ಸ್ವಂತ ಪಾಲು. ಕಪ್ಪುಹಲಗೆಯ ಎಡತುದಿಯಲ್ಲಿ ಇದನ್ನು ಬರೆದು ಸುತ್ತ ಚೌಕ ಹಾಕಿದ್ದೆ. ನಾಲ್ಕನೇ ದಿನ ಅದನ್ನು ತಿದ್ದಬೇಕಾಗಿ ಬಂತು. ಆ ತಿದ್ದುಪಡಿಯ ಕಾರಣಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲ ಅವಧಿ: ಸುಲಭದ ಅಂಕಿಗಳು

ಪಾಠ ಯೋಜನೆ ಬರೆಯುವಾಗ ಭಾಗಾಕಾರ ಸಲೀಸಾಗಲಿ ಎಂದು ಮನೆಯ ಬೆಲೆ 10 ಲಕ್ಷ, ವರ್ಷದ ಬಾಡಿಗೆ 80,000, ಸಾಲದ ಬಡ್ಡಿ ಶೇ. 6 ಎಂದು ಹಾಕಿಕೊಂಡಿದ್ದೆ. ಸಾಲವೇ ಇಲ್ಲದಿದ್ದರೆ 10 ಲಕ್ಷಕ್ಕೆ 80,000, ಅಂದರೆ ಶೇ. 8. ಅರ್ಧ ಸಾಲ ಮಾಡಿದರೆ 30,000 ಬಡ್ಡಿ ಹೋಗಿ 50,000 ಉಳಿಯುತ್ತದೆ. ಸ್ವಂತದ್ದು 5 ಲಕ್ಷ, ಆದ್ದರಿಂದ ಶೇ. 10. ಸ್ವಂತದ್ದು 2 ಲಕ್ಷ ಮಾತ್ರ ಇಟ್ಟು 8 ಲಕ್ಷ ಸಾಲ ಮಾಡಿದರೆ 48,000 ಬಡ್ಡಿ ಹೋಗಿ 32,000 ಉಳಿಯುತ್ತದೆ. 2 ಲಕ್ಷಕ್ಕೆ 32,000 ಎಂದರೆ ಶೇ. 16.

ಮೂಲ ಬದಲಾದರೆ ಶೇಕಡಾ ಬದಲಾಗುತ್ತದೆ ಎಂದು ತೋರಿಸುವುದು ನನ್ನ ಉದ್ದೇಶವಾಗಿತ್ತು. ಮಕ್ಕಳು ಹಿಡಿದುಕೊಂಡದ್ದು ಬೇರೆಯನ್ನು. ‘ಹಾಗಾದರೆ ಜಾಸ್ತಿ ಸಾಲ ಮಾಡಿದರೆ ಜಾಸ್ತಿ ಲಾಭ’ ಎಂದು ಮುಂದಿನ ಬೆಂಚಿನ ಹುಡುಗ ಸಾರಾಂಶ ಹೇಳಿಯೇಬಿಟ್ಟ. ಹಲಗೆಯ ಮೇಲಿನ ಲೆಕ್ಕ ಅದನ್ನೇ ಹೇಳುತ್ತಿತ್ತಾದ್ದರಿಂದ ನನಗೆ ಎದುರು ಹೇಳಲು ಆಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: ‘ಮಿಸ್, ಹತ್ತು ಲಕ್ಷಕ್ಕೆ ಮೈಸೂರಲ್ಲಿ ಯಾವ ಮನೆ ಸಿಗುತ್ತೆ? ಸೈಟೇ ಸಿಗಲ್ಲ.’ ತರಗತಿಯೆಲ್ಲ ನಕ್ಕಿತು. ವೀಕ್ಷಣೆಗೆ ಕೂತಿದ್ದ ನನ್ನ ಸಹಪಾಠಿಗಳೂ ನಕ್ಕರು.

ಮಾರ್ಗದರ್ಶಕರಾದ ಮೇಡಂ ವೀಕ್ಷಣಾ ಪುಸ್ತಕದಲ್ಲಿ ‘ಹಲಗೆ ಬಳಕೆ ಚೆನ್ನಾಗಿದೆ, ಧ್ವನಿ ಸ್ಪಷ್ಟವಿದೆ’ ಎಂದು ಬರೆದು, ಕೆಳಗೆ ಒಂದೇ ಪ್ರಶ್ನೆ ಸೇರಿಸಿದ್ದರು: ‘ಬಾಡಿಗೆ ಶೇ. 8, ಬಡ್ಡಿ ಶೇ. 6. ಈ ಅಂಕಿಗಳು ಎಲ್ಲಿಯವು?’ ಎಲ್ಲಿಯವೂ ಅಲ್ಲ. ನನ್ನ ಅನುಕೂಲಕ್ಕೆ ಹುಟ್ಟಿದವು. ಆದರೆ ಸುಳ್ಳು ಅಂಕಿಗಳು ಲೆಕ್ಕವನ್ನು ಸುಲಭ ಮಾಡಿದ್ದಷ್ಟೇ ಅಲ್ಲ, ಉತ್ತರವನ್ನೂ ತಲೆಕೆಳಗು ಮಾಡಿದ್ದವು. ಅದು ನನಗೆ ಗೊತ್ತಾದದ್ದು ಮರುದಿನ.

ಎರಡನೇ ಅವಧಿ: ಮಕ್ಕಳು ತಂದ ಅಂಕಿಗಳು

ಮನೆಪಾಠವಾಗಿ, ದಾರಿಯಲ್ಲಿ ಕಾಣುವ ಟು ಲೆಟ್ ಬೋರ್ಡುಗಳನ್ನು ನೋಡಿಕೊಂಡು ಬನ್ನಿ, ಬಾಡಿಗೆ ಎಷ್ಟು, ಮನೆಯ ಬೆಲೆ ಎಷ್ಟಿರಬಹುದು ಎಂದು ದೊಡ್ಡವರನ್ನು ಕೇಳಿ ಬನ್ನಿ ಎಂದಿದ್ದೆ. ನಿಮ್ಮ ಮನೆಯ ಬಾಡಿಗೆ ಎಷ್ಟೆಂದು ಹೇಳಬೇಡಿ, ನೀವು ನೋಡಿದ ಯಾವುದಾದರೂ ಮನೆಯದ್ದು ಸಾಕು ಎಂದು ಹೇಳುವ ಬುದ್ಧಿ ಆಗ ನನಗಿರಲಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಬಂದ ಅಂಕಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಸೈಟಿನ ಬೆಲೆಯ ಬಗ್ಗೆಯೇ ಎರಡು ಬೆಂಚಿನ ನಡುವೆ ಜಗಳ. ಕೊನೆಗೆ ತರಗತಿ ಒಪ್ಪಿಕೊಂಡ ಮನೆ ಇದು: 30×40 ಸೈಟಿನಲ್ಲಿ ಕಟ್ಟಿದ್ದು, ಬೆಲೆ 60 ಲಕ್ಷ, ತಿಂಗಳ ಬಾಡಿಗೆ 15,000. ಬ್ಯಾಂಕಿನ ಬಡ್ಡಿಯನ್ನು ಶೇ. 8.5 ಎಂದು ಹಿಡಿದೆವು. ಈಗ ಹಲಗೆ ತುಂಬಿದ್ದು ಹೀಗೆ:

ಸ್ವಂತ 60 ಲಕ್ಷ, ಸಾಲ ಇಲ್ಲ: ಉಳಿಕೆ 1,80,000. ಸ್ವಂತ ಪಾಲಿನ ಮೇಲೆ ಶೇ. 3.
ಸ್ವಂತ 40 ಲಕ್ಷ, ಸಾಲ 20 ಲಕ್ಷ: ಬಡ್ಡಿ 1,70,000. ಉಳಿಕೆ 10,000. ಶೇ. 0.25.
ಸ್ವಂತ 30 ಲಕ್ಷ, ಸಾಲ 30 ಲಕ್ಷ: ಬಡ್ಡಿ 2,55,000. ನಷ್ಟ 75,000. ಶೇ. −2.5.
ಸ್ವಂತ 12 ಲಕ್ಷ, ಸಾಲ 48 ಲಕ್ಷ: ಬಡ್ಡಿ 4,08,000. ನಷ್ಟ 2,28,000. ಶೇ. −19.

ಕೊನೆಯ ಸಾಲು ನಾನು ಉತ್ಪ್ರೇಕ್ಷೆಗೆ ಬರೆದದ್ದಲ್ಲ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕುಗಳು ಮನೆಯ ಬೆಲೆಯ ಶೇ. 80ರವರೆಗೆ ಕೊಡಬಹುದು ಎಂಬುದು ರಿಸರ್ವ್ ಬ್ಯಾಂಕಿನ ಮಿತಿ. 60 ಲಕ್ಷದ ಶೇ. 80 ಎಂದರೆ 48 ಲಕ್ಷ. ಬ್ಯಾಂಕು ಎಷ್ಟು ಕೊಡುತ್ತದೆ ಎನ್ನುವುದು ಒಂದು ಪ್ರಶ್ನೆ, ಬಾಡಿಗೆ ಎಷ್ಟು ಸಾಲವನ್ನು ಹೊರುತ್ತದೆ ಎನ್ನುವುದು ಇನ್ನೊಂದು. ಎರಡನೆಯದನ್ನು ಮಕ್ಕಳೇ ಲೆಕ್ಕ ಹಾಕಿದರು. 1,80,000 ಬಡ್ಡಿಯಾಗಬೇಕಾದರೆ ಅಸಲು ಎಷ್ಟಿರಬೇಕು? ಸರಳಬಡ್ಡಿಯ ಸೂತ್ರವನ್ನು ಹಿಂದುಮುಂದು ಮಾಡಿದರೆ ಸುಮಾರು 21 ಲಕ್ಷ 18 ಸಾವಿರ. ಉಳಿದ 38 ಲಕ್ಷ 82 ಸಾವಿರ ಸ್ವಂತದ್ದೇ ಆಗಬೇಕು. ಅಂದರೆ ನೂರಕ್ಕೆ ಸುಮಾರು 65. ಅದೂ ಬಡ್ಡಿಯನ್ನು ತುಂಬಿಸಲು ಮಾತ್ರ. ಕಂದಾಯ, ಸುಣ್ಣಬಣ್ಣ, ಮೋಟಾರ್ ರಿಪೇರಿ ಯಾವುದೂ ಇದರಲ್ಲಿ ಸೇರಿಲ್ಲ.

‘ನಿನ್ನೆ ಸಾಲ ಮಾಡಿದಷ್ಟೂ ಲಾಭ ಅಂದ್ರಿ, ಇವತ್ತು ನಷ್ಟ ಅಂತೀರ’ ಎಂದು ಮುಂದಿನ ಬೆಂಚಿನ ಹುಡುಗ ನನ್ನನ್ನೇ ಹಿಡಿದ. ಇದಕ್ಕೆ ಉತ್ತರ ಕೊಡಲು ಅರ್ಧ ಅವಧಿ ಹಿಡಿಯಿತು, ಆದರೆ ಅದು ನಾಲ್ಕು ದಿನಗಳಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಅರ್ಧ ಅವಧಿ. ನಿನ್ನೆ ಬಾಡಿಗೆಯ ದರ ಬಡ್ಡಿಯ ದರಕ್ಕಿಂತ ಮೇಲಿತ್ತು, ಇವತ್ತು ಕೆಳಗಿದೆ. ಮೇಲಿದ್ದರೆ ಸಾಲದ ಪ್ರತಿಯೊಂದು ರೂಪಾಯಿ ನಮಗೆ ಏನಾದರೂ ಕೊಡುತ್ತದೆ, ಕೆಳಗಿದ್ದರೆ ನಮ್ಮಿಂದ ಕಿತ್ತುಕೊಳ್ಳುತ್ತದೆ. ಸಾಲ ಎರಡು ಕಡೆಗೂ ಹಿಗ್ಗಿಸುತ್ತದೆ.

ಇನ್ನೊಬ್ಬಳು ಕೇಳಿದಳು: ‘60 ಲಕ್ಷಾನ ಬ್ಯಾಂಕಲ್ಲಿ ಇಟ್ಟರೆ ಶೇ. 3ಕ್ಕಿಂತ ಜಾಸ್ತಿ ಬರುತ್ತಲ್ವಾ ಮಿಸ್? ಮತ್ಯಾಕೆ ಎಲ್ಲರೂ ಮನೆ ಕಟ್ತಾರೆ?’ ಉತ್ತರ ಅವಳ ಪಕ್ಕದವಳಿಂದಲೇ ಬಂತು: ‘ಸೈಟಿನ ರೇಟು ಏರುತ್ತಲ್ಲ.’ ಸರಿ, ಅದನ್ನೂ ಸೇರಿಸಿದೆವು. ಬೆಲೆ ವರ್ಷಕ್ಕೆ ಶೇ. 8 ಏರಿದರೆ 4,80,000. ಬಾಡಿಗೆ ಸೇರಿ 6,60,000. ಸಾಲವಿಲ್ಲದವರಿಗೆ ಶೇ. 11. 48 ಲಕ್ಷ ಸಾಲ ಮಾಡಿದವರಿಗೆ ಬಡ್ಡಿ ಕಳೆದು 2,52,000, ಅಂದರೆ 12 ಲಕ್ಷದ ಮೇಲೆ ಶೇ. 21. ಬೆಲೆ ಶೇ. 5 ಮಾತ್ರ ಏರಿದರೆ ಮೊದಲನೆಯವರಿಗೆ ಶೇ. 8, ಎರಡನೆಯವರಿಗೆ ಶೇ. 6. ಏರದೇ ನಿಂತರೆ ಶೇ. 3 ಮತ್ತು ಶೇ. −19. ಒಂದೇ ಮನೆ, ಒಂದೇ ಬೀದಿ. ಒಬ್ಬರ ಲೆಕ್ಕ 3ರಿಂದ 11ರ ನಡುವೆ ಓಡಾಡುತ್ತದೆ, ಇನ್ನೊಬ್ಬರದ್ದು −19ರಿಂದ 21ರ ನಡುವೆ. ಋಣಸಂಖ್ಯೆಗಳನ್ನು ಸಂಖ್ಯಾರೇಖೆಯ ಮೇಲೆ ಗುರುತಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಕ್ಕಿಲ್ಲ.

ಸೈಟಿನ ರೇಟು ಏರಿದ್ದು ಕೈಗೆ ಬರುವುದು ಮಾರಿದಾಗ ಮಾತ್ರ, ಕಂತು ಮಾತ್ರ ಪ್ರತಿ ತಿಂಗಳೂ ಹೋಗಬೇಕು ಎಂಬುದನ್ನು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಮೂರನೇ ಅವಧಿ: ಖಾಲಿ ಮನೆ

ಈ ಅವಧಿಯ ಗುರಿ ಚಕ್ರಬಡ್ಡಿ. ಕಂತು ಎಂದರೇನು ಎಂಬಲ್ಲಿಂದ ಶುರುಮಾಡಿದೆ. 20 ಲಕ್ಷಕ್ಕೆ ಶೇ. 8.5ರಂತೆ 20 ವರ್ಷದ ಸಾಲವಾದರೆ ತಿಂಗಳ ಕಂತು 17,356. ಸೂತ್ರ ಎಂಟನೇ ತರಗತಿಗೆ ಮೀರಿದ್ದು, ಆದ್ದರಿಂದ ಅಂಕಿಯನ್ನು ನಾನೇ ಕೊಟ್ಟೆ. ಆದರೆ ಮೊದಲ ತಿಂಗಳ ಬಡ್ಡಿಯನ್ನು ಅವರೇ ಕಂಡುಹಿಡಿದರು: 14,167. ಹಾಗಾದರೆ ಮೊದಲ ಕಂತಿನಲ್ಲಿ ಅಸಲಿಗೆ ಹೋಗುವುದು 3,189 ಮಾತ್ರ. ‘ಇಷ್ಟೇನಾ?’ ಎಂದು ಮೂರ್ನಾಲ್ಕು ಜನ ಒಟ್ಟಿಗೆ ಕೇಳಿದರು. ಬಾಡಿಗೆ 15,000 ಪೂರ್ತಿ ಬಂದರೂ ಕಂತಿಗೆ 2,356 ಕೈಯಿಂದ ಹಾಕಬೇಕು ಎಂಬುದನ್ನು ಯಾರೂ ಹೇಳಿಕೊಡದೆ ಬರೆದುಕೊಂಡರು.

ಬಡ್ಡಿಯ ದರವೂ ಒಂದೇ ಕಡೆ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ರೆಪೊ ದರ 2020ರ ಮೇ ತಿಂಗಳಿನಿಂದ 2022ರ ಮೇ ತನಕ ಶೇ. 4 ಇತ್ತು. 2023ರ ಫೆಬ್ರವರಿ ಹೊತ್ತಿಗೆ ಶೇ. 6.5 ಆಯಿತು. ಗೃಹಸಾಲದ ದರ ಅದೇ 2.5 ಅಂಶ ಏರಿದರೆ 20 ಲಕ್ಷದ ಮೇಲೆ ವರ್ಷಕ್ಕೆ 50,000 ಹೆಚ್ಚು ಬಡ್ಡಿ. ಶೇ. 7ರಲ್ಲಿ 1,40,000 ಇದ್ದದ್ದು ಶೇ. 9.5ರಲ್ಲಿ 1,90,000. ಬಾಡಿಗೆಗಿಂತ ಕಡಿಮೆಯಿದ್ದ ಬಡ್ಡಿ ಬಾಡಿಗೆಯನ್ನು ದಾಟಿಹೋಯಿತು.

ಬಳಿಕ ಕೇಳಿದೆ: ಬಾಡಿಗೆಯವರೇ ಇಲ್ಲದಿದ್ದರೆ? ಮಕ್ಕಳು ಗೋಕುಲಂ ಎಂದರು. ಯೋಗ ಕಲಿಯಲು ಹೊರದೇಶಗಳಿಂದ ಬರುವವರಿಗಾಗಿ ಅಲ್ಲಿ ಎಷ್ಟೋ ಮನೆಗಳಲ್ಲಿ ಮಹಡಿ ಕಟ್ಟಿಸಿದ್ದಾರೆ. 2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿದಾಗ ವಿಮಾನಗಳು ನಿಂತವು, ಬರುವವರು ನಿಂತರು. ಕಾಲೇಜುಗಳು ಮುಚ್ಚಿದ್ದರಿಂದ ಪಿ.ಜಿ.ಗಳೂ ಖಾಲಿಯಾದವು. ಆಗ ಎರಡನೇ, ಮೂರನೇ ತರಗತಿಯಲ್ಲಿದ್ದ ಈ ಮಕ್ಕಳಿಗೆ ಆ ದಿನಗಳು ಚೆನ್ನಾಗಿ ನೆನಪಿವೆ.

ಆ ವರ್ಷ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲಗಾರರಿಗೆ ಮೂರು ತಿಂಗಳ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಆಮೇಲೆ ಅದನ್ನು ಆಗಸ್ಟ್ 31ರ ತನಕ ವಿಸ್ತರಿಸಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. 20 ಲಕ್ಷಕ್ಕೆ ಆರು ತಿಂಗಳ ಸರಳಬಡ್ಡಿ 85,000. ತಿಂಗಳು ತಿಂಗಳೂ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಹೋದರೆ 86,520. ವ್ಯತ್ಯಾಸ 1,520 ರೂಪಾಯಿ. ಬಡ್ಡಿಗೆ ಬಡ್ಡಿ ಹಾಕಬಹುದೇ ಎಂಬ ವಿಚಾರ ಸುಪ್ರೀಂ ಕೋರ್ಟಿನ ಮುಂದಿದ್ದಾಗ, 2 ಕೋಟಿವರೆಗಿನ ಸಾಲಗಳಿಗೆ ಆ ಆರು ತಿಂಗಳ ಚಕ್ರಬಡ್ಡಿ ಮತ್ತು ಸರಳಬಡ್ಡಿಯ ವ್ಯತ್ಯಾಸವನ್ನು ತಾನೇ ಭರಿಸುವುದಾಗಿ ಕೇಂದ್ರ ಸರ್ಕಾರ ಹೇಳಿತು. 2020ರ ನವೆಂಬರ್ ಮೊದಲ ವಾರದಲ್ಲಿ ಆ ಹಣ ಖಾತೆಗಳಿಗೆ ಬಂತು. ಎಂಟನೇ ತರಗತಿಯ ಒಂದು ಲೆಕ್ಕದ ಉತ್ತರವನ್ನು ಸರ್ಕಾರ ಕೋಟ್ಯಂತರ ಜನರ ಪಾಸ್‌ಬುಕ್ಕಿಗೆ ಜಮಾ ಮಾಡಿದ ಪ್ರಸಂಗ ಇದು. ಚಕ್ರಬಡ್ಡಿ ಕಲಿಸುವ ಗೆಳೆಯರೆಲ್ಲರೂ ಇದನ್ನು ಬಳಸಿಕೊಳ್ಳಬಹುದು. ನಾನು ಸೂತ್ರವನ್ನು ಮೊದಲು ಹೇಳಲಿಲ್ಲ. ಆರು ತಿಂಗಳ ಕೋಷ್ಟಕವನ್ನು ಒಂದೊಂದು ಸಾಲು ಒಂದೊಂದು ಗುಂಪಿಗೆ ಹಂಚಿದೆ. ನಾಲ್ಕನೇ ಗುಂಪಿನವರು, ಹಿಂದಿನ ಗುಂಪಿನ ಉತ್ತರ ಬರದೆ ತಮ್ಮದು ಶುರುವಾಗುವುದಿಲ್ಲ ಎಂದು ಗೊಣಗಿದರು. ಚಕ್ರಬಡ್ಡಿ ಎಂದರೆ ಅದೇ ಎಂದು ಆಗ ಹೇಳಿದೆ.

ನಾಲ್ಕನೇ ಅವಧಿ: ಭೋಗ್ಯ

ಪುನರಾವರ್ತನೆಗೆಂದು ಇಟ್ಟುಕೊಂಡಿದ್ದ ದಿನ. ಚೌಕದೊಳಗಿನ ವಾಕ್ಯವನ್ನು ಮತ್ತೆ ಬರೆದೆ: ಬೆಲೆಯಿಂದ ಸಾಲ ಕಳೆದರೆ ಸ್ವಂತ ಪಾಲು. 60 ಲಕ್ಷದ ಮನೆ, ಬ್ಯಾಂಕಿನ ಸಾಲ 20 ಲಕ್ಷ, ಓನರ್ ಪಾಲು 40 ಲಕ್ಷ. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ನಾಲ್ಕು ದಿನಗಳಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

‘ಮಿಸ್, ನಾವು ಭೋಗ್ಯಕ್ಕಿದ್ದೀವಿ. ಆರು ಲಕ್ಷ ಕೊಟ್ಟಿದ್ದೀವಿ. ಅದು ಓನರ್ ಪಾಲಾ, ನಮ್ಮ ಪಾಲಾ?’

(ಅಂಕಿಯನ್ನು ಇಲ್ಲಿ ಬದಲಿಸಿದ್ದೇನೆ.) ಭೋಗ್ಯದ ಪದ್ಧತಿ ನಮ್ಮ ಓದುಗರಿಗೆ ಹೊಸದಲ್ಲ. ದೊಡ್ಡ ಮೊತ್ತವನ್ನು ಒಮ್ಮೆಗೇ ಓನರ್ ಕೈಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಪೂರ್ತಿ ಮೊತ್ತ ವಾಪಸು ಪಡೆಯುವುದು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಬೋರ್ಡುಗಳ ಮೇಲೆ ಬಾಡಿಗೆಯಷ್ಟೇ ಸಹಜವಾಗಿ ಕಾಣುವ ಪದ ಅದು. ನಾನೂ ದಿನವೂ ಓದಿದ್ದೆ. ಅದನ್ನು ಸಾಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದು ಸಾಲವೇ. ವಾಪಸು ಕೊಡಲೇಬೇಕಾದ ಹಣ. ಬಡ್ಡಿಯ ಬದಲು ಬಾಡಿಗೆ ಬಿಟ್ಟುಕೊಡುತ್ತಾರೆ, ಅಷ್ಟೇ. ಚೌಕದೊಳಗೆ ‘ಸಾಲ’ದ ಮುಂದೆ ‘ಮತ್ತು ಭೋಗ್ಯ, ಅಡ್ವಾನ್ಸ್’ ಎಂದು ಸೇರಿಸಿದೆ. 60ರಲ್ಲಿ 20 ಕಳೆದು, ಮತ್ತೆ 6 ಕಳೆದು, 34.

ಆ ಸಾಲದ ಬಡ್ಡಿ ಎಷ್ಟು ಎಂದು ಕೇಳಿದೆ. ಅಂಥ ಮನೆ ಬಾಡಿಗೆಗಾದರೆ ತಿಂಗಳಿಗೆ 8,000 ಎಂದು ತರಗತಿ ಹೇಳಿತು. ವರ್ಷಕ್ಕೆ 96,000. 6 ಲಕ್ಷದ ಮೇಲೆ ಶೇ. 16. ಬ್ಯಾಂಕಿಗೆ ಶೇ. 8.5 ಕೊಡುವ ಓನರ್ ಭೋಗ್ಯದವರಿಗೆ ಶೇ. 16 ಕೊಡುತ್ತಿದ್ದಾರೆ, ಆದರೆ ಕೈಯಿಂದ ದುಡ್ಡು ಹೋಗುವುದಿಲ್ಲವಾದ್ದರಿಂದ ಅದು ಅವರಿಗೆ ಕಾಣುವುದಿಲ್ಲ. ‘ಹಾಗಾದರೆ ಯಾಕೆ ತಗೋತಾರೆ?’ ಮಗಳ ಮದುವೆ, ಆಸ್ಪತ್ರೆ, ಬ್ಯಾಂಕು ಸಾಲ ಕೊಡದಂಥ ದಾಖಲೆಯ ಸೈಟು, ಶೇ. 24ರ ಕೈಸಾಲ ತೀರಿಸುವ ಅವಸರ ಎಂದು ಮಕ್ಕಳೇ ಕಾರಣ ಕೊಟ್ಟರು. ಎಲ್ಲವೂ ನಿಜವೇ.

ಹುಡುಗಿಯ ಮುಖ ನೋಡಿದರೆ ಅವಳ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ಓನರ್‌ಗೆ ಕೊಡಲಾಗದಿದ್ದರೆ? ಇದಕ್ಕೆ ಉತ್ತರ ಹೇಳಲು ನನಗೆ ಆ ದಿನ ತಿಳಿವಳಿಕೆ ಇರಲಿಲ್ಲ, ಓದಿಕೊಂಡು ಬರುತ್ತೇನೆಂದೆ. ಓದಿದ್ದು ಇಷ್ಟು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಪ್ರಕರಣದಲ್ಲಿ, ಹಣ ಕೊಟ್ಟವರು ಸ್ವತ್ತಿನ ಸ್ವಾಧೀನ ಪಡೆದು ಬಡ್ಡಿಯ ಬದಲು ಅದರ ಆದಾಯ ಅನುಭವಿಸುವ ಅಡಮಾನ ಒಂದು ಬಗೆ. ಕರಾರಿನಲ್ಲಿ ಭೋಗ್ಯ ಎಂಬ ಪದವಿದ್ದ ಮಾತ್ರಕ್ಕೆ ಅದು ಆ ಅಡಮಾನವಾಗುವುದಿಲ್ಲ, ಒಳಗಿನ ಬರಹವೂ ನೋಂದಣಿಯೂ ಮುಖ್ಯ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದರೆ ಬ್ಯಾಂಕಿನ ಹಕ್ಕು ಮುಂದೆ ನಿಲ್ಲುತ್ತದೆ. ಅಂದರೆ ಓನರ್ ಸ್ವಂತ ಪಾಲು ಎಷ್ಟಿದೆ ಎಂಬುದು ಓನರ್ ಲಾಭದ ಲೆಕ್ಕ ಮಾತ್ರವಲ್ಲ. ಮಹಡಿಯ ಮೇಲೆ ಇರುವವರ ಹಣ ಎಷ್ಟು ಭದ್ರ ಎಂಬುದರ ಅಳತೆಯೂ ಹೌದು.

ದಕ್ಷಿಣ ಕೊರಿಯಾದಲ್ಲಿ ಇದೇ ಪದ್ಧತಿ ದೊಡ್ಡ ಪ್ರಮಾಣದಲ್ಲಿದೆ. ಅಲ್ಲಿ ಜೊನ್ಸೆ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ವರ್ಷದ ಕರಾರು, ಮೊತ್ತ ಮನೆಯ ಬೆಲೆಯ ಅರ್ಧಕ್ಕೂ ಮೀರುವುದುಂಟು. ಆ ಮೊತ್ತವನ್ನೇ ಬಂಡವಾಳ ಮಾಡಿಕೊಂಡು, ಸ್ವಂತದ್ದು ಅತಿ ಕಡಿಮೆ ಹಾಕಿ ಮನೆಯ ಮೇಲೆ ಮನೆ ಕೊಂಡವರಿದ್ದರು. ಹೊಸಬರಿಂದ ಪಡೆದು ಹಳಬರಿಗೆ ಕೊಡುವುದು ಬೆಲೆ ಏರುವ ತನಕ ನಡೆಯಿತು. 2022ರಿಂದ ಬೆಲೆ ಇಳಿದಾಗ ಎಷ್ಟೋ ಬಾಡಿಗೆದಾರರಿಗೆ ಹಣ ವಾಪಸು ಬರಲಿಲ್ಲ. ಮೋಸ ಹೋದವರ ನೆರವಿಗೆಂದು 2023ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತು ವಿಶೇಷ ಕಾಯ್ದೆಯನ್ನೇ ಮಾಡಬೇಕಾಯಿತು. ಇದನ್ನು ತರಗತಿಯಲ್ಲಿ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಆ ಹುಡುಗಿಯನ್ನು ನೆನೆದು, ಬಿಟ್ಟುಬಿಟ್ಟೆ.

ಮನೆಗೆ ಬಂದ ಲೆಕ್ಕ

ಪ್ರಾಯೋಗಿಕ ಬೋಧನೆಯ ಲೇಖನದಲ್ಲಿ ಸ್ವಂತ ಮನೆಯ ವಿಷಯ ಬರೆಯಬಾರದೇನೋ. ಆದರೆ ಈ ಪಾಠ ನನ್ನನ್ನು ಹಿಂಬಾಲಿಸಿಕೊಂಡು ವಿದ್ಯಾರಣ್ಯಪುರಂನ ನಮ್ಮ ಮನೆಗೇ ಬಂತು.

ಅಪ್ಪ 2015ರಲ್ಲಿ 9 ಲಕ್ಷ ಸಾಲ ಮಾಡಿ ಮೇಲೊಂದು ಮನೆ ಕಟ್ಟಿಸಿದರು. ಕಂತು ಸುಮಾರು 9,400, ಬಾಡಿಗೆ 9,000. ‘ಬಾಡಿಗೆಯೇ ಸಾಲ ತೀರಿಸುತ್ತೆ’ ಎಂದು ಅಪ್ಪ ನೆಂಟರಿಗೆಲ್ಲ ಹೇಳುತ್ತಿದ್ದರು. 2020ರ ಜೂನ್‌ನಲ್ಲಿ ಬಾಡಿಗೆಯವರು ಕೆಲಸ ಹೋಗಿ ಊರಿಗೆ ಹೊರಟರು. ಏಳು ತಿಂಗಳು ಮನೆ ಖಾಲಿ. 2021ರ ಜನವರಿಯಲ್ಲಿ ಅಪ್ಪ ಅದನ್ನು 7 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು, ಬ್ಯಾಂಕಿನ ಬಾಕಿ ಅಷ್ಟೂ ಕಟ್ಟಿ, ಪತ್ರ ಬಿಡಿಸಿಕೊಂಡು ಬಂದರು. ಅಮ್ಮ ಪತ್ರಕ್ಕೆ ಅರಿಶಿನ ಕುಂಕುಮ ಇಟ್ಟು ದೇವರ ಮುಂದಿಟ್ಟರು. ನಮ್ಮ ಮನೆಯಲ್ಲಿ ಆ ದಿನದಿಂದ ‘ಸಾಲ ಇಲ್ಲ’. ಭೋಗ್ಯದವರು ಐದು ವರ್ಷವಿದ್ದು ಈಗ ಸ್ವಂತ ಸೈಟು ಕೊಳ್ಳುತ್ತಿದ್ದಾರೆ, ಯುಗಾದಿಯೊಳಗೆ 7 ಲಕ್ಷ ಬೇಕು ಎಂದಿದ್ದಾರೆ. ಬೇರೊಬ್ಬರನ್ನು 10 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿ, ಇವರಿಗೆ 7 ಕೊಟ್ಟು, ಉಳಿದ 3ರಲ್ಲಿ ತಂಗಿಯ ಕಾಲೇಜಿನ ಫೀಸು ಎಂಬುದು ಅಪ್ಪನ ಯೋಜನೆ. ನಾಲ್ಕನೇ ಅವಧಿಯ ತನಕ ನನಗೂ ಅದು ಸರಿಯಾಗಿಯೇ ಕಂಡಿತ್ತು.

ಆ ರಾತ್ರಿ ಅಪ್ಪನ ಮುಂದೆ ಪಾಠ ಯೋಜನೆಯ ಪುಸ್ತಕ ಇಟ್ಟುಕೊಂಡು ಕೂತೆ. 9,000ದಂತೆ ವರ್ಷಕ್ಕೆ 1,08,000. 7 ಲಕ್ಷದ ಮೇಲೆ ಶೇ. 15.4. ಆಗ ನಮ್ಮ ಬ್ಯಾಂಕಿನ ಬಡ್ಡಿ 8ರ ಆಸುಪಾಸಿನಲ್ಲಿತ್ತು. ಬಾಡಿಗೆಗೇ ಕೊಟ್ಟು ಕಂತು ಕಟ್ಟುತ್ತಾ ಬಂದಿದ್ದರೆ ಬಾಕಿ ಇಷ್ಟು ಹೊತ್ತಿಗೆ ಸುಮಾರು ಮೂರೂವರೆ ಲಕ್ಷಕ್ಕೆ ಇಳಿದಿರುತ್ತಿತ್ತು. ಈಗ 7 ಲಕ್ಷ ಹಾಗೇ ಇದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಆವಾಗ ಬಾಡಿಗೆಗೆ ಯಾರಮ್ಮ ಬರ್ತಿದ್ರು? ಐದನೇ ತಾರೀಕು ಬಂದರೆ ಎದೆ ಹೊಡ್ಕೊಳ್ತಿತ್ತು. ನಂಗೆ ನಿದ್ದೆ ಬೇಕಾಗಿತ್ತು.’

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಏಳು ತಿಂಗಳು ಖಾಲಿ ಬಿದ್ದ ಮನೆಗೆ ಸುಮಾರು 66,000 ಕಂತು. ಅದನ್ನು ತಡೆದುಕೊಳ್ಳುವಷ್ಟು ಕೈಯಲ್ಲಿ ಇದ್ದಿದ್ದರೆ ಅವರು ಭೋಗ್ಯಕ್ಕೆ ಹೋಗುತ್ತಲೇ ಇರಲಿಲ್ಲ. ಸ್ವಂತ ಪಾಲು ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ನಾನು ಶೇಕಡಾದಲ್ಲಿ ಕೇಳುತ್ತಿದ್ದೆ, ಅಪ್ಪ ತಿಂಗಳುಗಳಲ್ಲಿ ಉತ್ತರಿಸಿದರು: ಎಷ್ಟು ತಿಂಗಳು ಖಾಲಿಯಿದ್ದರೂ ಕಂತು ಕಟ್ಟಬಹುದು? ಗೋಡೆಯೊಳಗೆ ಸೇರಿಕೊಂಡ ಸ್ವಂತ ಪಾಲು ಕಂತಿನ ದಿನ ಕೈಗೆ ಬರುವುದಿಲ್ಲ. ಆರೆಂಟು ತಿಂಗಳ ಕಂತು ಠೇವಣಿಯಲ್ಲಿ ಇರುವುದು ಅದಕ್ಕಿಂತ ಮುಖ್ಯ ಎಂದು ಈಗ ನನಗನಿಸುತ್ತದೆ. 2020ರ ನವೆಂಬರ್‌ನಲ್ಲಿ ಖಾತೆಗೆ ಐನೂರು ಚಿಲ್ಲರೆ ರೂಪಾಯಿ ಬಂದದ್ದು ಏತಕ್ಕೆಂದು ಅಪ್ಪನಿಗೆ ಅಂದೇ ಗೊತ್ತಾಗಿರಲಿಲ್ಲ. ಬಡ್ಡಿಯ ಬಡ್ಡಿ ಎಂದು ಹೇಳಿದಾಗ ನಕ್ಕರು.

ಈಗ ಮೇಲಿನ ಮನೆಗೆ 12,000 ಬಾಡಿಗೆ ಸಿಗುತ್ತದೆ. 10 ಲಕ್ಷ ಭೋಗ್ಯ ಎಂದರೆ ಶೇ. 14.4ರ ಸಾಲ. ಅದರ ಬದಲು ಅಪ್ಪನ ಠೇವಣಿಯಿಂದ 3 ಲಕ್ಷ ತೆಗೆದು, 4 ಲಕ್ಷ ಬ್ಯಾಂಕಿನಿಂದ ಪಡೆದರೆ, ಶೇ. 9.5 ಹಿಡಿದರೂ 10 ವರ್ಷಕ್ಕೆ ಕಂತು 5,176. ಮತ್ತೆ ಏಳು ತಿಂಗಳು ಖಾಲಿಯಾದರೆ 36,232. ‘ಅಷ್ಟಾದರೆ ಪಿಂಚಣಿಯಲ್ಲಿ ತೂಗಿಸಬಹುದು’ ಎಂದರು ಅಪ್ಪ. ತಂಗಿಯ ಫೀಸಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಬ್ರೋಕರಿಗೆ ಮಾತ್ರ ಫೋನು ಮಾಡಿ, ಬೋರ್ಡಿನಲ್ಲಿ ಭೋಗ್ಯಕ್ಕೆ ಎಂದು ಬರೆಯಬೇಡಿ ಎಂದು ಹೇಳಿದ್ದಾರೆ.

ಪಾಠ ಯೋಜನೆಯಲ್ಲಿ ಬದಲಿಸಿದ್ದು

ವಿಮರ್ಶಾ ಸಭೆಯಲ್ಲಿ ಮೇಡಂ ಗಣಿತದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಮೂರನೇ ಬೆಂಚಿನ ಹುಡುಗಿಯ ಬಗ್ಗೆ ಕೇಳಿದರು. ‘ಅವಳು ತನ್ನ ಮನೆಯ ಮೊತ್ತವನ್ನು 37 ಜನರ ಮುಂದೆ ಹೇಳಿದಳು. ಅವಳ ಓನರ್ ಮಗ ಅದೇ ತರಗತಿಯಲ್ಲಿದ್ದಿದ್ದರೆ?’ ನನ್ನ ಹತ್ತಿರ ಉತ್ತರವಿರಲಿಲ್ಲ. ಸ್ಥಳೀಯ ಉದಾಹರಣೆ ಕೊಡಿ ಎಂದು ನಮಗೆ ಕಲಿಸುತ್ತಾರೆ. ಯಾರ ಮನೆಯ ಉದಾಹರಣೆ ಎಂಬುದನ್ನು ನಾವು ಯೋಚಿಸುವುದಿಲ್ಲ. ಎರಡನೇ ಅವಧಿಯ ಮನೆಪಾಠದ ಸೂಚನೆ ಈಗ ಹೀಗಿದೆ: ‘ಬೀದಿಯಲ್ಲಿ ಕಂಡ ಬೋರ್ಡಿನ ಮನೆ ಮಾತ್ರ. ನಿಮ್ಮದಾಗಲಿ, ಪರಿಚಯದವರದ್ದಾಗಲಿ ಬೇಡ.’ ಆದರೂ ಆ ಹುಡುಗಿ ಅಂದು ಕೇಳದಿದ್ದರೆ ಚೌಕದೊಳಗಿನ ತಪ್ಪು ವಾಕ್ಯ ಹಾಗೆಯೇ ಉಳಿಯುತ್ತಿತ್ತು. ಆದ್ದರಿಂದ ನಾಲ್ಕನೇ ಅವಧಿಯನ್ನು ಪೂರ್ತಿಯಾಗಿ ಭೋಗ್ಯಕ್ಕೇ ಮೀಸಲಿಟ್ಟು, ಬಾಡಿಗೆ, ಭೋಗ್ಯ, ಬ್ಯಾಂಕ್ ಸಾಲ ಮೂರೂ ಇರುವ ಒಂದು ಕಲ್ಪಿತ ಮನೆಯನ್ನು ನಾನೇ ಕೊಡುತ್ತೇನೆ. ಮೊದಲ ಅವಧಿಯ 10 ಲಕ್ಷದ ಮನೆಯನ್ನು ತೆಗೆದುಹಾಕಿಲ್ಲ. ತಪ್ಪು ಉತ್ತರಕ್ಕೆ ಒಯ್ಯುವ ಅಂಕಿಗಳಾಗಿಯೇ ಅದು ಉಪಯೋಗಕ್ಕೆ ಬರುತ್ತದೆ. ಮರುದಿನದ ಅಂಕಿಗಳ ಪಕ್ಕದಲ್ಲಿ ಇಟ್ಟರೆ ಸಾಕು.

ಕಿರುಪರೀಕ್ಷೆಯ ಕೊನೆಯ ಪ್ರಶ್ನೆ ಹೀಗಿತ್ತು: ಮನೆಯ ಬೆಲೆ 50 ಲಕ್ಷ, ಬ್ಯಾಂಕ್ ಸಾಲ 10 ಲಕ್ಷ, ಕೆಳಮನೆಯ ಭೋಗ್ಯ 8 ಲಕ್ಷ, ಮೇಲಿನ ಮನೆಯ ಬಾಡಿಗೆಯಲ್ಲಿ ಬಡ್ಡಿ ಕಳೆದು ವರ್ಷಕ್ಕೆ 48,000 ಉಳಿಯುತ್ತದೆ. ಓನರ್ ಸ್ವಂತ ಪಾಲಿನ ಮೇಲೆ ಶೇಕಡಾ ಎಷ್ಟು? 38 ಮಕ್ಕಳಲ್ಲಿ 29 ಜನ 32 ಲಕ್ಷವನ್ನು ಮೂಲವಾಗಿ ಹಿಡಿದು ಶೇ. 1.5 ಎಂದು ಬರೆದರು. ಆರು ಜನ ಭೋಗ್ಯವನ್ನು ಕಳೆಯದೆ 40 ಲಕ್ಷ ಹಿಡಿದರು. ಮೂವರು 50 ಲಕ್ಷದ ಮೇಲೆಯೇ ಹಾಕಿದರು. ಆ ಒಂಬತ್ತು ಮಕ್ಕಳೊಂದಿಗೆ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಲು ಮುಖ್ಯೋಪಾಧ್ಯಾಯರಿಂದ ಅನುಮತಿ ಪಡೆದಿದ್ದೇನೆ. ಅವರಲ್ಲಿ ಮುಂದಿನ ಬೆಂಚಿನ ಆ ಹುಡುಗನೂ ಇದ್ದಾನೆ.